ಅತ್ತೆ ಕೂರದ ಕಾರು

ವುಡ್‌ಬ್ರಿಡ್ಜಿನ ನಮ್ಮ ಬೀದಿಯಲ್ಲಿ, ಮನೆಗೆ ಗ್ಯಾರೇಜಿದ್ದೂ ಬೆಳಗ್ಗೆ ಎದ್ದು ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದ ಹೆಂಗಸು ನಾನೊಬ್ಬಳೇ. ನನ್ನ ಕಾರು ಹೊರಗೆ ಚಳಿಯಲ್ಲಿ ನಿಂತಿದ್ದರೆ ಒಳಗೆ ಬೆಚ್ಚಗಿದ್ದದ್ದು ನನ್ನ ಗಂಡನ ಕಾರು. ಅದನ್ನು ಕಾರು ಎಂದು ಕರೆದರೆ ಆಗ ಹೆಚ್ಚಾಗುತ್ತಿತ್ತು. 2015ರ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕೊಳವೆ, ತಗಡು, ನಟ್ಟು, ಬೋಲ್ಟುಗಳನ್ನು ಇವರು ಶನಿವಾರ ಭಾನುವಾರ ಕೂತು ಜೋಡಿಸುತ್ತಿದ್ದರು. ಎಂಜಿನ್ನು ಮಾತ್ರ ಇಲ್ಲಿಯದೇ, ಗುಜರಿಗೆ ಬಿದ್ದ ಯಾವುದೋ ಹಳೆಯ ಕಾರಿನದು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಹೀಟರಿಲ್ಲ, ಕೂತರೆ ನೆಲ ಕೈಗೆ ಎಟುಕುತ್ತದೆ. ವರ್ಷದ ಅರ್ಧ ಹಿಮ ಬೀಳುವ ಊರಿನಲ್ಲಿ ಇಂಥ ಗಾಡಿ ಕಟ್ಟುವವರಿಗೆ ಏನು ಹೇಳುವುದು? ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಮೈಸೂರಿನಲ್ಲಿದ್ದ ನನ್ನಮ್ಮನಿಗೆ ಫೋನಿನಲ್ಲಿ ಹೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

“ಇದು ಯಾವಾಗ್ರೀ ಮುಗಿಯೋದು?” ಎಂದು ನಾನು ಕೇಳುವುದು, “ಆಕ್ಕೈತಿ ತಡಿ. ಗಡಿಬಿಡಿ ಮಾಡಿದ್ರ ನಿಮ್ಮ ಮೈಸೂರು ಟಾಂಗಾ ಆಕ್ಕೈತಿ” ಎಂದು ಇವರು ಗಾಡಿಯ ಅಡಿಯಿಂದಲೇ ಅನ್ನುವುದು. ಹುಬ್ಬಳ್ಳಿಯವರನ್ನು ಮದುವೆಯಾದರೆ ಜಗಳವನ್ನೂ ನಗುತ್ತಲೇ ಆಡಬೇಕಾಗುತ್ತದೆ.

ಈ ಹುಚ್ಚು ಇವರಿಗೆ ತಂದೆಯಿಂದ ಬಂದದ್ದು. ನನ್ನ ಮಾವನವರನ್ನು ನಾನು ನೋಡಿಲ್ಲ, ನಮ್ಮ ಮದುವೆಗೆ ಮೊದಲೇ ಅವರು ಹೋಗಿದ್ದರು. ಹುಬ್ಬಳ್ಳಿಯಲ್ಲಿ ಕಬ್ಬಿಣ ಕಡೆಯುವ ಅವರದೊಂದು ಲೇಥು ಅಂಗಡಿಯಿತ್ತು. ಗುಜರಿ ಜೀಪಿನ ಎಂಜಿನ್ನು ತಂದು, ತಗಡನ್ನು ತಾವೇ ಬಡಿದು, ಅಂಗಡಿಯ ಹಿಂದಿನ ಅಂಗಳದಲ್ಲಿ ಅವರೊಂದು ಕಾರು ಕಟ್ಟಿದ್ದರಂತೆ. ಅತ್ತೆ ಅದರ ಸೀಟಿಗೆಂದು ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಕೌದಿ ಹೊಲಿದಿದ್ದರು. ಗಾಡಿ ಪಾಸಾದ ದಿನ ಇಬ್ಬರೂ ಅದರಲ್ಲೇ ಮಠಕ್ಕೆ ಹೋಗಿ ಬರುವುದೆಂದು ಮಾತಾಗಿತ್ತು. ಆದರೆ ಪರೀಕ್ಷೆ ಮಾಡುವ ಸರ್ಕಾರದವರು, ಈ ಗಾಡಿ ಎಲ್ಲಿ ಹುಟ್ಟಿತು, ಯಾವ ಕಂಪನಿಯದು ಎಂದು ಕೇಳಿದರು. ನನ್ನ ಅಂಗಳದಲ್ಲಿ ಹುಟ್ಟಿತು ಎಂದರೆ ಯಾರು ಒಪ್ಪುತ್ತಾರೆ? ಆ ಗಾಡಿ ಅಂಗಳ ದಾಟಲೇ ಇಲ್ಲ. ಕೊನೆಗೆ ಅದರ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು ಎಂದು ಇವರು ಹೇಳುವಾಗ ನಾನು ನಗುತ್ತಿದ್ದೆ, ಇವರು ನಗುತ್ತಿರಲಿಲ್ಲ.

2018ರ ಮೇ ತಿಂಗಳಲ್ಲಿ ಅತ್ತೆ ಬಂದರು. ಎಪ್ಪತ್ತು ದಾಟಿದ್ದ ಅವರು ವಿಮಾನ ಹತ್ತಿದ್ದು ಅದೇ ಮೊದಲು. ಮನೆಗೆ ಬಂದವರು ಕಾಲು ತೊಳೆದು ಚಹಾ ಕುಡಿದದ್ದೇ ಗ್ಯಾರೇಜಿಗೆ ಹೋದರು. ಕಾರು ಆ ಹೊತ್ತಿಗೆ ಕಾರಿನಂತೆ ಕಾಣುತ್ತಿತ್ತು, ಹಸಿರು ಬಣ್ಣ ಬಳಿದಾಗಿತ್ತು. ಅತ್ತೆ ಸುತ್ತಲೂ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಕೈಯಾಡಿಸಿದರು.

“ನಿಮ್ಮಪ್ಪನ ಗಾಡಿಗಿಂತ ಸಣ್ಣದೈತಿ” ಎಂದರು.

“ಸಣ್ಣದಾದ್ರೂ ಪಾಸ್ ಆಕ್ಕೈತಿ ಅವ್ವಾ. ಇಲ್ಲಿ ಮನ್ಯಾಗ ಕಟ್ಟಿದ ಗಾಡಿಗೂ ಕಾಯ್ದೆ ಐತಿ. ನೀ ಊರಿಗೆ ಹೋಗೂದ್ರಾಗ ಇದರಾಗ ಕುಂದರಿಸಿ ರಿಚ್ಮಂಡ್ ಹಿಲ್ ಗುಡಿಗೆ ಕರಕೊಂಡು ಹೋಗತೀನಿ.”

ಅತ್ತೆ ಮರುದಿನ ನನ್ನ ಹತ್ತಿರ ಬಂದು ಹಳೆಯ ನೂಲಿನ ಸೀರೆ ಇದ್ದರೆ ಕೊಡು ಎಂದು ಕೇಳಿದರು. ಮತ್ತೆ ಕೌದಿ ಹೊಲಿಯಲು ಕೂತರು. ಅವರು ಸೂಜಿಗೆ ದಾರ ಪೋಣಿಸಲಾರದೆ ಕಿಟಕಿಯ ಬೆಳಕಿಗೆ ಹಿಡಿದು ಒದ್ದಾಡುವುದನ್ನು ನೋಡಿದಾಗ ನನಗೆ ಈ ಕಾರಿನ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಹೊಲಿದು ಮುಗಿದ ಕೌದಿ ಆ ಸಣ್ಣ ಸೀಟಿಗೆ ಅಳತೆ ತೆಗೆದುಕೊಂಡಷ್ಟು ಸರಿಯಾಗಿ ಕೂತಿತು.

ಜುಲೈನಲ್ಲಿ ಒಂದು ಸಂಜೆ ಇವರಿಗೆ ತಡೆಯಲಾಗಲಿಲ್ಲ. “ಅವ್ವಾ, ಬೀದಿ ಖಾಲಿ ಐತಿ. ಬಾ, ಒಂದು ರೌಂಡ್ ಹಾಕ್ಕೊಂಡು ಬರೂಣು” ಎಂದು ಕರೆದರು. ನಂಬರ್ ಪ್ಲೇಟಿಲ್ಲ, ಏನೂ ಇಲ್ಲ. ಅತ್ತೆ ಜಗ್ಗಲಿಲ್ಲ.

“ಕದ್ದು ಹೋಗೂದು ಬ್ಯಾಡಪಾ. ನಿಮ್ಮಪ್ಪನೂ ಹಂಗ ಕರದಿದ್ದ, ಆವಾಗೂ ನಾ ಒಲ್ಲೆ ಅಂದೆ. ಪಾಸಾದ ಗಾಡ್ಯಾಗ ಹಗಲಹೊತ್ತು ನಾಕು ಮಂದಿ ನೋಡೂವಂಗ ಕುಂದರತೀನಿ.”

ಅದಾದ ಮೇಲೆ ಇವರು ಕದ್ದು ಓಡಿಸುವ ಮಾತು ಎತ್ತಲಿಲ್ಲ. ಅತ್ತೆಯ ವೀಸಾ ಆರು ತಿಂಗಳದು, ನವೆಂಬರಿನ ಮೊದಲ ವಾರಕ್ಕೆ ಟಿಕೆಟ್ಟಾಗಿತ್ತು. ಅಷ್ಟರೊಳಗೆ ಗಾಡಿ ಪಾಸಾಗಬೇಕು, ಅತ್ತೆ ಅದರಲ್ಲಿ ಕೂತು ಗುಡಿಗೆ ಹೋಗಬೇಕು. ನಮ್ಮ ಮನೆಯಲ್ಲಿ ಆ ಬೇಸಿಗೆಯೆಲ್ಲ ನಡೆದದ್ದು ಅದೊಂದೇ ಮಾತು.

ಇಲ್ಲಿ ಗಾಡಿಯನ್ನು ರಸ್ತೆಗಿಳಿಸುವ ಮೊದಲು ‘ಸೇಫ್ಟಿ’ ಮಾಡಿಸಬೇಕು. ಸರ್ಕಾರದ ಪರವಾನಗಿಯಿರುವ ಗ್ಯಾರೇಜಿನವರು ಗಾಡಿಯ ಬ್ರೇಕು, ದೀಪ, ಸ್ಟೀರಿಂಗು ಎಲ್ಲ ಪರೀಕ್ಷಿಸಿ ಸರ್ಟಿಫಿಕೇಟು ಕೊಟ್ಟರೆ ಮಾತ್ರ ನಂಬರ್ ಪ್ಲೇಟು. ಕಾಯ್ದೆಯೇನೋ ಮನೆಯಲ್ಲಿ ಕಟ್ಟಿದ ಗಾಡಿಗೂ ದಾರಿ ಬಿಟ್ಟಿದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇವರು ಫೋನು ಮಾಡಿದ ಗ್ಯಾರೇಜಿನವರೆಲ್ಲ ಒಂದೊಂದು ನೆಪ ಹೇಳಿದರು. ನೀನು ಕಟ್ಟಿದ್ದಕ್ಕೆ ನಾನು ಸಹಿ ಹಾಕಿ ನಾಳೆ ಅದರ ಚಕ್ರ ಕಳಚಿದರೆ ಯಾರು ಹೊಣೆ ಎಂದು ಸ್ಕಾರ್‌ಬರೋದ ಒಬ್ಬರು ನೇರವಾಗಿಯೇ ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೊನೆಗೆ ನಮ್ಮ ವುಡ್‌ಬ್ರಿಡ್ಜಿನದೇ ಕಾರ್ಖಾನೆ ಸಾಲಿನಲ್ಲಿ ಒಬ್ಬ ಇಟಾಲಿಯನ್ ಮುದುಕ ಸಿಕ್ಕಿದ. ತಾನೂ ಹರೆಯದಲ್ಲಿ ಇಂಥದ್ದೊಂದು ಕಟ್ಟಲು ಹೊರಟು ಅರ್ಧಕ್ಕೆ ಬಿಟ್ಟವನಂತೆ. ಅಕ್ಟೋಬರಿನಲ್ಲಿ ತೆಗೆದುಕೊಂಡು ಬಾ ಎಂದ. ಇವರು ಪಂಚಾಂಗ ನೋಡಿ, ವಿಜಯದಶಮಿಯ ದಿನ ಬೆಳಗ್ಗೆ ಬರುತ್ತೇನೆಂದು ಹೇಳಿದರು.

ಆಯುಧಪೂಜೆಯ ದಿನ ಗಾಡಿಯನ್ನು ಮನೆ ಮುಂದಿನ ಡ್ರೈವ್‌ವೇಗೆ ತಳ್ಳಿ ಮೈಯೆಲ್ಲ ತೊಳೆದೆವು. ಅತ್ತೆ ಇವರ ಸ್ಪ್ಯಾನರು, ಸುತ್ತಿಗೆ, ಡ್ರಿಲ್ಲುಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಒರೆಸಿ ಮಣೆಯ ಮೇಲೆ ಸಾಲಾಗಿ ಇಟ್ಟರು. ಮಾವನವರ ಅಂಗಡಿಯಲ್ಲಿ ಅದೇ ಪದ್ಧತಿ. ಹಬ್ಬದ ದಿನ ಲೇಥಿನಿಂದ ಹಿಡಿದು ಸಣ್ಣ ಉಳಿಯವರೆಗೆ ಎಲ್ಲ ಕಬ್ಬಿಣಕ್ಕೂ ಎಣ್ಣೆ ಕಾಣಿಸಬೇಕು, ಜಂಗು, ಅಂದರೆ ತುಕ್ಕು, ಹಿಡಿದ ಕಬ್ಬಿಣವನ್ನು ದೇವಿಯ ಮುಂದೆ ಇಡಬಾರದು. ಗಾಡಿಗೆ ಕುಂಕುಮ ಹಚ್ಚಿ, ಹೂವಿನ ಸರ ಏರಿಸಿ, ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಗಾಡಿಯನ್ನು ಮುಂದೆ ತಳ್ಳಿದೆವು. ಎದುರು ಮನೆಯವರು ನಾಯಿ ಹಿಡಿದುಕೊಂಡು ನಿಂತು ನೋಡಿದರು. ಆಮೇಲೆ ಗಾಡಿಯನ್ನು ಒಳಗೆ ತಳ್ಳಿ ಬಾಗಿಲು ಹಾಕಿದೆವು.

ಮರುದಿನ ಬೆಳಗ್ಗೆ ನಾನು ಕಾಫಿಗೆ ನೀರಿಡುವ ಹೊತ್ತಿಗೆ ಅತ್ತೆ ಗ್ಯಾರೇಜಿನ ಬಾಗಿಲಿನಿಂದ ಒಳಬಂದರು. ಕೈಯಲ್ಲೊಂದು ಸಣ್ಣ ಬಟ್ಟಲು, ಹಳೆಯ ಧೋತರದ ಚೂರು. ದೀಪ ಹಚ್ಚಲು ಹೋಗಿದ್ದಾರೆ ಎಂದುಕೊಂಡೆ. ಸ್ನಾನ ಮಾಡಿ, ಇಳಕಲ್ ಸೀರೆಯುಟ್ಟು, ಊರಿನಿಂದ ಗಂಟು ಕಟ್ಟಿ ತಂದಿದ್ದ ಒಣಗಿದ ಬನ್ನಿ ಎಲೆಯನ್ನು ಮಗನ ಕೈಯಲ್ಲಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದರು. ಇವರು ಕಾಲಿಗೆ ಬಿದ್ದು ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಪ್ಲೇಟಿಲ್ಲದ ಗಾಡಿಯನ್ನು ಸಾಗಿಸಲು ಟೋ ಟ್ರಕ್ಕು ಬಂತು. ಪಂಜಾಬಿ ಡ್ರೈವರ್ ಗಾಡಿಯನ್ನು ಸರಪಳಿಯಲ್ಲಿ ಎಳೆದು ಮೇಲೇರಿಸಿಕೊಂಡ. “ಮಾತಾಜಿ ಭೀ ಚಲೇಂಗೀ?” ಎಂದು ಕೇಳಿದ. ಟ್ರಕ್ಕಿನಲ್ಲಿ ಇನ್ನಿಬ್ಬರಿಗೆ ಮಾತ್ರ ಜಾಗವಿತ್ತು.

“ನೀವು ಹೋಗಿ ಬರ್ರಿ. ನಾ ಇಲ್ಲೇ ತಯಾರಾಗಿ ಕುಂತಿರತೀನಿ. ಬಂದ ಕೂಡಲೇ ಹೋಗೂಣು ಗುಡಿಗೆ” ಎಂದು ಅತ್ತೆ ಬಾಗಿಲಲ್ಲಿ ನಿಂತು ಕೈಬೀಸಿದರು.

ಮುದುಕನ ಗ್ಯಾರೇಜಿನಲ್ಲಿ ಮೊದಲೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಮುದುಕ ದೀಪ ನೋಡಿದ, ಹಾರ್ನು ಒತ್ತಿದ, ಗಾಡಿಯನ್ನು ಮೇಲೆತ್ತಿ ಕೆಳಗೆಲ್ಲ ಟಾರ್ಚು ಬಿಟ್ಟು ನೋಡಿ, ಒಂದು ವೆಲ್ಡಿಂಗಿನ ಮೇಲೆ ಬೆರಳಾಡಿಸಿ ಇವರ ಕಡೆಗೆ ತಿರುಗಿ ತಲೆಯಾಡಿಸಿದ. ಇವರ ಮುಖ ಅರಳಿತು. ಕೊನೆಯದು ಬ್ರೇಕು. ಮುದುಕ ತಾನೇ ಕೂತು ಹಿಂದಿನ ಅಂಗಳದಲ್ಲಿ ಗಾಡಿ ಓಡಿಸಿದ. ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು. ಗೋಡೆಯ ಹತ್ತಿರ ಬರುತ್ತಲೇ ಅವನ ಕಾಲು ಬ್ರೇಕು ಒತ್ತಿದ್ದು ಅವನ ಭುಜದಿಂದಲೇ ಗೊತ್ತಾಯಿತು. ಗಾಡಿ ನಿಲ್ಲಲಿಲ್ಲ. ಜಾರಿಕೊಂಡೇ ಹೋಗಿ ಅಲ್ಲಿ ಪೇರಿಸಿಟ್ಟಿದ್ದ ಹಳೆಯ ಟಯರುಗಳಿಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮುದುಕ ಎಂಜಿನ್ನು ಆರಿಸಿ ಕೆಳಗಿಳಿದ.

ನಾವು ಓಡಿಹೋದಾಗ ಚಕ್ರದಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಯಾರೋ ಏನೋ ಕರಿಯುತ್ತಿರುವ ವಾಸನೆ ಎಂದ ಮುದುಕ. ಆ ವಾಸನೆ ನನ್ನ ಮೂಗಿಗೆ ಹೊಸದಲ್ಲ. ಮೇ ತಿಂಗಳಿನಿಂದ ನನ್ನ ಅಡುಗೆಮನೆಯಲ್ಲಿ ದಿನಾ ಅದೇ ವಾಸನೆ. ಅತ್ತೆಗೆ ಶೇಂಗಾ ಎಣ್ಣೆಯಿಲ್ಲದೆ ಒಗ್ಗರಣೆಯಾಗದು.

ಮುದುಕ ಚಕ್ರ ಬಿಚ್ಚಿದ. ಒಳಗಿನ ಬ್ರೇಕ್ ಡಿಸ್ಕು, ಬ್ರೇಕ್ ಪ್ಯಾಡು ಬಂದು ಕಚ್ಚಿ ಹಿಡಿಯುವ ಆ ಉಕ್ಕಿನ ತಟ್ಟೆ, ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಅದರ ನಡುವೆ ಒಂದು ಕೆಂಪು ಬೊಟ್ಟು. ಆ ಕಡೆಯ ಚಕ್ರದಲ್ಲೂ ಹಾಗೆಯೇ. ತೊಳೆದಿಟ್ಟ ಡಿಸ್ಕಿಗೆ ಬೆಳಗಾಗುವುದರೊಳಗೆ ತೆಳುವಾಗಿ ಜಂಗು ಏರುತ್ತದೆ, ಒಂದೆರಡು ಸಲ ಬ್ರೇಕು ಹಾಕಿದರೆ ತಾನೇ ಹೋಗುತ್ತದೆ. ಅದು ಅತ್ತೆಗೆ ಗೊತ್ತಿರಲಿಲ್ಲ. ಸರ್ಕಾರದವರ ಮುಂದೆ ನಿಲ್ಲಬೇಕಾದ ಗಾಡಿಗೆ ಜಂಗು ಹಿಡಿದದ್ದು ಕಂಡಿದೆ. ಚಕ್ರದ ಕಡ್ಡಿಗಳ ನಡುವೆ ಕೈ ತೂರಿಸಿ, ಎಟುಕಿದಷ್ಟನ್ನೂ ಒರೆಸಿ, ಕುಂಕುಮವಿಟ್ಟು ಬಂದಿದ್ದಾರೆ.

ಈ ಕೆಂಪು ಏನು ಎಂದು ಮುದುಕ ಕೇಳಿದ.

“ಪೇಂಟು” ಎಂದರು ಇವರು. ಯೋಚನೆಯನ್ನೂ ಮಾಡಲಿಲ್ಲ.

ಎಣ್ಣೆ ಕುಡಿದ ಪ್ಯಾಡು ಇನ್ನು ಕೆಲಸಕ್ಕೆ ಬಾರದು, ಹೊಸತು ಹಾಕಿಸಿಕೊಂಡು ಬಾ, ಇವತ್ತು ಸಹಿ ಹಾಕಲಾರೆ ಎಂದ ಮುದುಕ. ಅವನು ಒಳ್ಳೆಯವನು, ಬೇಸರದಿಂದಲೇ ಹೇಳಿದ. ಆ ಪ್ಯಾಡು ಇಂಗ್ಲೆಂಡಿನಿಂದಲೇ ಬರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ಬಾಯಿಗೂ ಬಂದು ಬಿದ್ದುಹೋಯಿತು.

ವಾಪಸು ಬರುವಾಗ ಟ್ರಕ್ಕಿನಲ್ಲಿ ಇವರು ನನ್ನ ಕಡೆ ನೋಡದೆ ಹೇಳಿದರು: “ಅವ್ವಗ ಹೇಳಾಕ ಹೋಗಬ್ಯಾಡ.”

“ನಾನ್ಯಾಕೆ ಹೇಳ್ಲಿ?”

“ಅಪ್ಪನ ಗಾಡೀನೂ ಪಾಸಾಗಲಿಲ್ಲ. ಇದು ಆಕಿ ಕೈಯಿಂದ ತಪ್ಪಿತಂದ್ರ ಆಕಿ ತಾಳಂಗಿಲ್ಲ.”

ಅತ್ತೆ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಇಳಕಲ್ ಸೀರೆಯ ಮೇಲೆ ನನ್ನ ದಪ್ಪ ಕೋಟು, ತಲೆಗೆ ಗಾಳಿಗೆಂದು ಸ್ಕಾರ್ಫು, ಮಡಿಲಲ್ಲಿ ಗುಡಿಗೆಂದು ಹೂವು ಹಣ್ಣಿನ ಚೀಲ. ಮಗ ಓಡಿಸಿಕೊಂಡು ಬರುತ್ತಾನೆಂದು ಕಾದಿದ್ದವರಿಗೆ ಗಾಡಿ ಟ್ರಕ್ಕಿನ ಬೆನ್ನ ಮೇಲೆ ಬಂದದ್ದು ಕಾಣಿಸಿತು. ಎದ್ದು ನಿಂತರು.

“ಆಗಲಿಲ್ಲೇನು?”

“ಇಲ್ಲ ಅವ್ವಾ. ಬ್ರೇಕ್ ಪ್ಯಾಡು ಡಿಫೆಕ್ಟ್ ಕಳಿಸ್ಯಾರ ಇಂಗ್ಲೆಂಡಿನವರು. ಬ್ಯಾರೆ ತರಿಸಬೇಕು. ಲಗೂನ ಬರತಾವ” ಎಂದರು ಇವರು.

“ಇಂಗ್ಲೆಂಡಿನವರೂ ಹಂಗ ಮಾಡತಾರೇನು?” ಎಂದ ಅತ್ತೆ ಒಳಗೆ ಹೋಗಿ, ಸೀರೆ ಬದಲಿಸಿ, ಹಣ್ಣಿನ ಚೀಲವನ್ನು ದೇವರ ಮುಂದಿಟ್ಟರು. ನನ್ನ ಕಾರಿನಲ್ಲಿ ಗುಡಿಗೆ ಹೋಗೋಣವೇ ಎಂದು ಕೇಳಿದೆ. ಬೇಡ, ಇನ್ನೊಮ್ಮೆ ಹೋದರಾಯಿತು ಎಂದರು. ನನಗೆ ಆ ಹೊತ್ತು ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಪಾತ್ರೆಗಳ ಮೇಲೆ ಮಾಡಿದೆ.

ಮರುದಿನ ಇವರು ಗ್ಯಾರೇಜಿನಲ್ಲಿ ಕೂತು ಸ್ಪ್ರೇ ಹೊಡೆದು ಹೊಡೆದು ಡಿಸ್ಕು ಉಜ್ಜಿದರು. ಅತ್ತೆ ಚಹಾ ಕೊಡಲು ಹೋದವರು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಬಂದರು. ಆವತ್ತಿನಿಂದ ಅವರ ಊಟ ಬದಲಾಯಿತು. ಶೇಂಗಾ ಎಣ್ಣೆಯ ಡಬ್ಬಿ ಮುಟ್ಟಲಿಲ್ಲ. ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳದೆ ಒಣರೊಟ್ಟಿ ತಿನ್ನತೊಡಗಿದರು. ಕೇಳಿದರೆ, “ಯಾಕೋ ಎಣ್ಣಿ ಸೇರವಲ್ದವಾ” ಎಂದರು. ಬಿ.ಪಿ. ಇರಬೇಕು, ಊರಿಗೆ ಹೋದ ಮೇಲೆ ಡಾಕ್ಟರಿಗೆ ತೋರಿಸಿ ಎಂದು ಬುದ್ಧಿ ಹೇಳಿದೆ.

ಪ್ಯಾಡು ಬರಲಿಲ್ಲ. ಇವರು ದಿನಾ ಕೆಲಸದಿಂದ ಬಂದು ಮೊದಲು ನೋಡುತ್ತಿದ್ದದ್ದು ಬಾಗಿಲ ಬಳಿ ಪಾರ್ಸೆಲ್ಲು ಬಂದಿದೆಯೇ ಎಂದು. ಅತ್ತೆ ಹೊರಡುವ ದಿನ ಮೊದಲ ಹಿಮ ಬಿತ್ತು. ಏರ್‌ಪೋರ್ಟಿಗೆ ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆವು. ಹೊರಡುವ ಮುಂಚೆ ಅತ್ತೆ ಗ್ಯಾರೇಜಿಗೆ ಹೋಗಿ ಸೀಟಿನ ಕೌದಿಯನ್ನು ಕೊಡವಿ ಮತ್ತೆ ಸರಿಯಾಗಿ ಹಾಸಿ ಬಂದರು. “ಮುಂದಿನ ಬ್ಯಾಸಗ್ಯಾಗ ಬಾ ಅವ್ವಾ” ಎಂದು ಇವರು ಹೇಳಿದ್ದಕ್ಕೆ “ನೋಡೂಣು” ಎಂದರು. ಅವರು ಹೋದ ಮುಂದಿನ ವಾರ ಪಾರ್ಸೆಲ್ಲು ಬಂತು.

ಜನವರಿಯ ಒಂದು ಶನಿವಾರ ಬೆಳಗ್ಗೆ ಅತ್ತೆಯೇ ಫೋನು ಮಾಡಿದರು. ಯಾವಾಗಲೂ ನಾವೇ ಮಾಡುವುದು ರೂಢಿ.

“ಅವ ಮಗ್ಗಲದಾಗ ಅದಾನೇನು?”

“ಇಲ್ಲ ಅತ್ತೆ, ಹಾಲು ತರೋಕೆ ಹೋಗಿದ್ದಾರೆ.”

“ಛಲೋ ಆತು. ಒಂದು ಮಾತು ಕೇಳಿಲ್ಲೆ. ಬ್ಯಾಸಗ್ಯಾಗ ಗಾಡಿ ಪಾಸ್ ಮಾಡಿಸಾಕ ಒಯ್ತೀರಲ್ಲ, ಆವಾಗ ಗಾಲಿಗೆ ಯಾರೂ ಎಣ್ಣಿ ಮುಟ್ಟಿಸಬ್ಯಾಡ್ರಿ.”

“ನಿಮಗೆ ಯಾರು ಹೇಳಿದ್ರು ಅತ್ತೆ?”

“ಯಾರು ಹೇಳಬೇಕವಾ? ಲೇಥಿನವನ ಹೆಂಡತಿ ನಾ. ಮುಂಜಾನೆ ಜಂಗು ನೋಡಿ ಕೈ ತಡೀಲಿಲ್ಲ, ಹಚ್ಚಿಬಿಟ್ಟೆ. ಬ್ರೇಕಿಗೆ ಎಣ್ಣಿ ಆಗೂದಿಲ್ಲ ಅನ್ನೂದು ಆವಾಗ ತಲಿಗೆ ಬರಲಿಲ್ಲ. ಮರುದಿನ ಅವ ಕುಂತು ಉಜ್ಜಾಕತ್ತಿದ್ದ ನೋಡು, ಆವಾಗ ತಿಳೀತು.”

“ಅಯ್ಯೋ, ಅವತ್ತೇ ಹೇಳಬಾರದಿತ್ತಾ? ಇಷ್ಟು ದಿನ ಒಬ್ರೇ ಮನಸ್ಸಲ್ಲಿ ಇಟ್ಕೊಂಡಿದ್ರಾ?”

“ಹ್ಯಾಂಗ ಹೇಳಲಿ? ನನ್ನ ಮನಸ್ಸು ನೋಯಬಾರದಂತ ಇಂಗ್ಲೆಂಡಿನವರ ಮ್ಯಾಲ ಹಾಕ್ಯಾನ ನನ್ನ ಮಗ. ಅವನ ಮನಸ್ಸಿಗೆ ಹಂಗ ಇರ್ಲಿ. ನನಗ ಗೊತ್ತೈತಿ ಅಂತ ಅವಗ ಎಂದೂ ಹೇಳಬ್ಯಾಡ. ಆಣಿ ಮಾಡು ನನಗ.”

ಆಣೆ ಮಾಡಿದೆ. ಫೋನಿಟ್ಟು ಒಲೆಯ ಪಕ್ಕದಲ್ಲಿದ್ದ ಶೇಂಗಾ ಎಣ್ಣೆಯ ಡಬ್ಬಿ ನೋಡುತ್ತ ನಿಂತೆ. ಅತ್ತೆ ಬಿಟ್ಟು ಹೋದ ಮಟ್ಟಕ್ಕೇ ಇತ್ತು. ಒಣರೊಟ್ಟಿ ತಿಂದದ್ದು ಬಿ.ಪಿ.ಗಲ್ಲ ಎಂದು ಅರ್ಥವಾದ ಮೇಲೆ ಅಳು ಬಂತು. ಹಾಲು ತಂದ ಇವರು ಏನಾಯಿತೆಂದು ಕೇಳಿದರು. ಈರುಳ್ಳಿ ಹೆಚ್ಚುತ್ತಿದ್ದೆ ಎಂದೆ. ಅಡುಗೆಮನೆಯಲ್ಲಿ ಒಂದು ಈರುಳ್ಳಿಯೂ ಇರಲಿಲ್ಲ, ಪುಣ್ಯಕ್ಕೆ ಇವರು ಅದನ್ನೆಲ್ಲ ನೋಡುವವರಲ್ಲ.

ಮಾರ್ಚಿನಲ್ಲಿ ಅತ್ತೆ ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಇವರು ಸಿಕ್ಕ ವಿಮಾನ ಹತ್ತಿ ಹೋದರೂ ಮುಖ ಸಿಗಲಿಲ್ಲ, ಮಣ್ಣು ಮಾಡಿಯಾಗಿತ್ತು. ದಿನಕರ್ಮ ಮುಗಿಸಿ ಬಂದ ಮೇಲೆ ಬಹಳ ದಿನ ಗ್ಯಾರೇಜಿನ ಬಾಗಿಲನ್ನೇ ತೆರೆಯಲಿಲ್ಲ. ಮಾರಿಬಿಡೋಣ ಎಂದು ಒಂದು ಸಲ ಅಂದರು. ಮೂರು ಚಳಿಗಾಲ ಅದನ್ನು ಬೈದಿದ್ದ ನಾನೇ ಬೇಡ ಎಂದೆ.

ಹಿಮ ಕರಗಿ ರಸ್ತೆಯ ಉಪ್ಪೆಲ್ಲ ಮಳೆಗೆ ತೊಳೆದುಹೋದ ಮೇಲೆ ಇವರು ಹೊಸ ಪ್ಯಾಡು ಹಾಕಿದರು. ಮತ್ತೆ ಅದೇ ಟ್ರಕ್ಕು, ಅದೇ ಮುದುಕ. ಈ ಸಲ ಪೂಜೆಯಿಲ್ಲ, ಮುಹೂರ್ತವಿಲ್ಲ. ಹಿಂದಿನ ಅಂಗಳದಲ್ಲಿ ಗಾಡಿ ಹೇಳಿದಲ್ಲಿ ನಿಂತಿತು. ಚಕ್ರ ಬಿಚ್ಚಿ ನೋಡಿದ ಮುದುಕ, ಡಿಸ್ಕು ಚೆನ್ನಾಗಿದೆ, ಆದರೆ ನಡುವಿನ ಆ ಕೆಂಪು ಪೇಂಟು ಹಾಗೇ ಇದೆಯಲ್ಲ ಎಂದ. ಉಜ್ಜುವಾಗ ಇವರು ಆ ಬೊಟ್ಟನ್ನು ಮಾತ್ರ ಉಳಿಸಿದ್ದರು. ಅದು ಇರಲಿ ಎಂದರು ಇವರು. ಬ್ರೇಕಿಗೆ ಅಡ್ಡಿಯಿಲ್ಲ ಎಂದ ಮುದುಕ ಸಹಿ ಹಾಕಿ, ಇವರ ಕೈ ಕುಲುಕಿ, ನಿಮ್ಮ ಮನೆಯವರಿಗೆಲ್ಲ ಖುಷಿಯಾಗಿರಬೇಕು ಎಂದ. ಇವರು ಹೌದು ಎಂದರು.

ಪ್ಲೇಟು ಹಾಕಿಸಿದ ದಿನ ಬಿಸಿಲಿತ್ತು. ಇವರು ಗಾಡಿ ಹೊರಗೆ ತೆಗೆದು ರಿಚ್ಮಂಡ್ ಹಿಲ್ಲಿನ ಕಡೆಗೆ ತಿರುಗಿಸಿದರು. ಕೌದಿಯ ಮೇಲೆ ಕೂರಲು ನನಗೆ ಮನಸ್ಸಾಗಲಿಲ್ಲ, ತೆಗೆದಿಡಲೂ ಆಗಲಿಲ್ಲ, ಕೂತೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬಸ್ಸಿನವರೆಲ್ಲ ಬಗ್ಗಿ ನೋಡಿದರು, ಒಬ್ಬ ಹೆಬ್ಬೆರಳೆತ್ತಿ ತೋರಿಸಿದ. ಹಗಲಹೊತ್ತು, ನಾಲ್ಕು ಮಂದಿ ನೋಡುತ್ತಿದ್ದರು.

ಗುಡಿಯ ಪಾರ್ಕಿಂಗಿನಲ್ಲಿ ಇವರು ಎಂಜಿನ್ನು ಆರಿಸಿದರು, ಇಳಿಯಲಿಲ್ಲ. ಅಂಗಿಯ ಜೇಬಿನಿಂದ ಆ ಬನ್ನಿ ಎಲೆ ತೆಗೆದು, ಪುಡಿಯಾಗುತ್ತಿದ್ದದ್ದನ್ನು ಅಂಗೈಯಲ್ಲಿ ಹಿಡಿದುಕೊಂಡರು. ಕಣ್ಣು ತುಂಬಿತ್ತು.

“ಒಂದು ಸಮಾಧಾನ ಐತಿ ನೋಡು ನನಗ” ಎಂದರು. “ಎಣ್ಣಿ ವಿಷಯ ಅವ್ವಗ ಕಡೀತನಕ ಗೊತ್ತಾಗಲಿಲ್ಲ.”

ನಾನು ಕೌದಿಯ ಅಂಚು ಹಿಡಿದುಕೊಂಡಿದ್ದೆ. ಅತ್ತೆ ಅಲ್ಲಿ ಎರಡೆರಡು ಸಲ ಹೊಲಿಗೆ ಹಾಕಿದ್ದರು.

“ಇಲ್ಲ ರೀ, ಗೊತ್ತಾಗ್ಲಿಲ್ಲ” ಎಂದೆ.